ಬೇರೆ ಇಟ್ಟ ಲೋಟ

ಲಾಂಡ್ರಿಯ ಹಿಂದಿನ ಗೋಡೆಯಲ್ಲಿ ಒಂದು ಮೊಳೆ, ಅದರಲ್ಲಿ ಒಂದು ಟವೆಲು. ಕೆಳಗಿನ ಹಲಗೆಯ ಮೇಲೆ ಒಂದು ತಟ್ಟೆ, ಒಂದು ಲೋಟ, ಒಂದು ತುಂಡು ಸೋಪು. ಎಲ್ಲವೂ ಇಸ್ತ್ರಿಯಣ್ಣನವು. ಬೇರೆ ಯಾರೂ ಮುಟ್ಟುವಂತಿಲ್ಲ.

ಮನೆ ಇರುವುದು ಅಂಗಡಿಯ ಮೇಲೆಯೇ. ಆದರೂ ಕೆಲವು ತಿಂಗಳಿಂದ ಅವನು ಅಂಗಡಿಯಲ್ಲೇ ಮಲಗುತ್ತಾನೆ. ಮಗಳು ಗುಬ್ಬಿ ಓಡಿಬಂದು ಕಾಲಿಗೆ ಸುತ್ತಿಕೊಂಡರೆ, "ಇಸ್ತ್ರಿ ಬಿಸಿ ಇದೆ, ದೂರ ಹೋಗು" ಎನ್ನುತ್ತಾನೆ. ಇಸ್ತ್ರಿ ತಣ್ಣಗಿದ್ದಾಗಲೂ ಅದೇ ಮಾತು.

"ಅಮ್ಮಾ, ಅಪ್ಪನ ಇಸ್ತ್ರಿ ಯಾವಾಗ ಆರತ್ತೆ?" ಎಂದು ಗುಬ್ಬಿ ಕೇಳಿದಳು.

"ನನ್ನ ಕೇಳಬೇಡ. ನಿಮ್ಮಪ್ಪ ಬಾಯಿಗೆ ಬೀಗ ಹಾಕಿ, ಬೀಗದ ಕೈ ನುಂಗಿಬಿಟ್ಟಿದ್ದಾರೆ."

ಹೆಂಡತಿ ಆರು ತಿಂಗಳ ಬಸುರಿ. ಇನ್ನೂ ಆಸ್ಪತ್ರೆಗೆ ಹೋಗಿಲ್ಲ. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಲಾಡ್ಜಿನ ಹೊದಿಕೆ ರಾಶಿ ಬಿದ್ದಿದೆ. ಮುಗೀಲಿ, ಕರ್ಕೊಂಡು ಹೋಗ್ತೀನಿ." ಲಾಡ್ಜಿನ ಹೊದಿಕೆ ಎಂದಾದರೂ ಮುಗಿಯುತ್ತದೆಯೇ?

ಹಿಂದಿನ ಬೀದಿಯ ನರ್ಸಕ್ಕ ಒಂದು ದಿನ ತನ್ನ ಬಿಳಿ ಕೋಟು ಒಯ್ಯಲು ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ಹಲಗೆಯ ಮೇಲಿನ ಲೋಟಕ್ಕೆ ಕೈ ಹಾಕಿ, "ಅಣ್ಣ, ಒಂಚೂರು ನೀರು" ಎಂದಳು. ಅವನು ಲೋಟ ಕಿತ್ತುಕೊಂಡ.

"ಅದು ಬೇಡಕ್ಕ. ಅದು ನಂದು."

"ನಿಮ್ಮದಾದ್ರೆ ಏನು, ಬಂಗಾರದ್ದಾ?"

ಅವನು ನಗಲಿಲ್ಲ. ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡ. ನರ್ಸಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಏನಾಗಿದೆ ಹೇಳಿ. ನನ್ನ ಬಾಯಿಂದ ಆಚೆ ಹೋಗಲ್ಲ."

ಅವನು ಷಟರ್ ಅರ್ಧ ಇಳಿಸಿದ. "ಎರಡು ವರ್ಷದ ಹಿಂದೆ ಬೇರೆ ಊರಲ್ಲಿ ಕೆಲಸಕ್ಕಿದ್ದಾಗ ಒಂದು ತಪ್ಪು ಮಾಡಿದೆ. ಗುಪ್ತಾಂಗದ ಹತ್ರ ಒಂದು ಹುಣ್ಣಾಯ್ತು. ನೋವೇ ಇರಲಿಲ್ಲ, ಒಣಗಿಹೋಯ್ತು. ಆಮೇಲೆ ಅಂಗೈ, ಅಂಗಾಲು ತುಂಬ ಕೆಂಪು ಕಲೆ. ಅದೂ ತಾನಾಗೇ ಹೋಯ್ತು. ನಮ್ಮ ಕೆಲಸದಲ್ಲಿ ಕಲೆ ಹೋದ್ರೆ ಬಟ್ಟೆ ಶುದ್ಧ ಅಂತ ಲೆಕ್ಕ. ನಾನೂ ಹಾಗೇ ಅಂದ್ಕೊಂಡೆ."

"ಮತ್ತೆ?"

"ಕೆಲವು ತಿಂಗಳ ಹಿಂದೆ ಯಾರಿಗೋ ರಕ್ತ ಕೊಟ್ಟೆ. ರಕ್ತ ತಗೊಂಡ ಆಸ್ಪತ್ರೆಯವರು ಕರೆಸಿ, ನಿಮಗೆ ಸಿಫಿಲಿಸ್ ಇದೆ, ಡಾಕ್ಟರ ಹತ್ರ ಹೋಗಿ, ಹೆಂಡತೀನೂ ಕರ್ಕೊಂಡು ಹೋಗಿ ಅಂದ್ರು. ಯಾವ ಮುಖ ಇಟ್ಕೊಂಡು ಹೋಗ್ಲಿ? ಬಣ್ಣ ಬಿಡೋ ಬಟ್ಟೇನ ಬೇರೆ ನೆನೆಸ್ತೀವಲ್ಲ, ಹಾಗೆ ನನ್ನನ್ನೇ ಬೇರೆ ಇಟ್ಕೊಂಡೆ. ಅವರಿಗೆ ಹತ್ತಬಾರದು ಅಂತ."

ನರ್ಸಕ್ಕ ಸ್ಟೂಲನ್ನು ಅವನ ಹತ್ತಿರ ಎಳೆದಳು. "ಅಣ್ಣ, ಲೋಟ, ತಟ್ಟೆ, ಟವೆಲಿಂದ ಇದು ಬರಲ್ಲ. ಗುಬ್ಬೀನ ಎತ್ಕೊಂಡ್ರೂ ಬರಲ್ಲ. ಬರೋದು ಲೈಂಗಿಕ ಸಂಬಂಧದಿಂದ, ಹುಣ್ಣು ನೇರವಾಗಿ ತಗುಲಿದ್ರೆ, ಮತ್ತೆ ತಾಯಿಯಿಂದ ಹೊಟ್ಟೇಲಿರೋ ಮಗುವಿಗೆ. ಕಲೆ ಮಾಯ ಆದ್ರೂ ರೋಗ ಒಳಗೇ ಕೂತಿರತ್ತೆ. ನೀವು ಸುತ್ತಲೂ ಬೇಲಿ ಹಾಕಿ ಬಾಗಿಲನ್ನೇ ತೆರೆದಿಟ್ಟಿದೀರಿ. ನಿಮ್ಮ ಹೆಂಡತಿಯ ರಕ್ತ ಪರೀಕ್ಷೆ ಆಗಬೇಕಿತ್ತು. ನೀವೇ ತಡೀತಿದೀರಿ."

ಅವನು ಗೋಡೆಗೆ ಒರಗಿದ. ಹೋದ ವರ್ಷ ಒಂದು ಗಂಡು ಮಗು ಉಸಿರಿಲ್ಲದೇ ಹುಟ್ಟಿತ್ತು. ಆಗ ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಹೆರಿಗೆ ನೋವು ಬಂದ ಮೇಲೆಯೇ ಆಸ್ಪತ್ರೆ ಕಂಡದ್ದು.

"ಅಕ್ಕ, ಆ ಮಗು... ಅದೂ ಇದರಿಂದಲೇನಾ?"

ನರ್ಸಕ್ಕ ಸುಳ್ಳು ಹೇಳಲಿಲ್ಲ. "ಆಗಿರಬಹುದು. ಆಗಿರದೇನೂ ಇರಬಹುದು. ಅದನ್ನ ತಿಳ್ಕೊಳ್ಳೋಕೆ ಈಗ ದಾರಿ ಇಲ್ಲ. ಈ ಮಗೂಗೆ ಇನ್ನೂ ದಾರಿ ಇದೆ."

ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಎಳೆದು, ಹತ್ತಿರ ಬಂದು ಕೂಡಿಸಬೇಕು. ಎಷ್ಟೋ ದಿನದಿಂದ ಅವನು ಮೇಜಿನ ಮೇಲೆ ಒಬ್ಬನೇ ಮಡಿಸುತ್ತಿದ್ದ. ಅವತ್ತು ಸಂಜೆ ಒಂದು ಹೊದಿಕೆ ಎತ್ತಿಕೊಂಡು ಮೇಲೆ ಹೋಗಿ ಹೆಂಡತಿಯ ಎದುರು ಎರಡು ಮೂಲೆ ಹಿಡಿದು ನಿಂತ. ಅವಳು ಬೆರಗಿನಿಂದ ನೋಡಿ ಉಳಿದೆರಡು ಹಿಡಿದಳು. ಅವನು ಎಲ್ಲವನ್ನೂ ಹೇಳಿದ. ಅವಳ ಕೈಯಿಂದ ಹೊದಿಕೆ ಜಾರಿ ನೆಲಕ್ಕೆ ಬಿತ್ತು.

"ನಾನು ಬರಿಗೈಲಿ ಮನೆಗೆ ಬಂದಾಗ, ನಿಮ್ಮಮ್ಮ ನನ್ನ ಹೊಟ್ಟೇನೇ ಸರಿ ಇಲ್ಲ ಅಂದ್ರು. ನೀವು ಪಕ್ಕದಲ್ಲೇ ನಿಂತಿದ್ರಿ."

"ಆಗ ನನಗೆ ಗೊತ್ತಿರಲಿಲ್ಲ ಕಣೇ."

"ಗೊತ್ತಾಗಿ ಎಷ್ಟು ತಿಂಗಳಾಯ್ತು?"

ಅವನು ಬಗ್ಗಿ ನೆಲದ ಮೇಲಿನ ಹೊದಿಕೆ ಎತ್ತತೊಡಗಿದ.

ಮರುದಿನ ಅವಳು ನರ್ಸಕ್ಕನ ಜೊತೆ ಮುಂದೆ ನಡೆದಳು. ಅವನು ಹಿಂದೆ. ಪರೀಕ್ಷೆಯಲ್ಲಿ ಇಬ್ಬರಿಗೂ ರೋಗವಿತ್ತು. ಇಂಜೆಕ್ಷನ್ ಒಗ್ಗುತ್ತದೆಯೇ ಎಂದು ವಿಚಾರಿಸಿ ಡಾಕ್ಟರು ಪೆನಿಸಿಲಿನ್ ಶುರು ಮಾಡಿದರು. ವಾರಕ್ಕೊಂದರಂತೆ ಮೂರು, ಒಂದೂ ತಪ್ಪುವಂತಿಲ್ಲ. ಎಚ್‌ಐವಿ ಪರೀಕ್ಷೆಯೂ ಆಯಿತು, ಅದು ಇರಲಿಲ್ಲ. ಚಿಕಿತ್ಸೆ ಮುಗಿದು ತಾವು ಹೇಳುವವರೆಗೂ ಕೂಡಬೇಡಿ ಎಂದರು. ಮಗು ಹುಟ್ಟಿದ ಕೂಡಲೇ ಅದರ ರಕ್ತವನ್ನೂ ನೋಡಬೇಕು ಎಂದರು. "ಮೊದಲೇ ಬಂದಿದ್ರೆ ಚೆನ್ನಾಗಿತ್ತು. ಈಗಲೂ ಮಗುವನ್ನ ಉಳಿಸ್ಕೊಳ್ಳೋ ಅವಕಾಶ ದೊಡ್ಡದಿದೆ" ಎಂದರು. ಖಂಡಿತ ಎಂದು ಮಾತ್ರ ಹೇಳಲಿಲ್ಲ.

ಮನೆಗೆ ಬಂದವಳೇ ಅವಳು ಹಲಗೆಯ ಮೇಲಿನ ಲೋಟ ಒಯ್ದು ಮನೆಯ ಲೋಟಗಳ ಜೊತೆ ಬೋರಲು ಹಾಕಿದಳು.

"ಕ್ಷಮಿಸಿದೆಯಾ?" ಎಂದ ಅವನು.

"ಲೋಟದಲ್ಲಿ ಏನೂ ಇಲ್ಲ ಅಂತ ಗೊತ್ತಾಯ್ತು, ಒಳಗಿಟ್ಟೆ. ಕ್ಷಮೆಯ ಮಾತು ಈಗ ಕೇಳಬೇಡಿ. ಮೊದಲು ಮಗು ಅಳೋದು ಕೇಳಿಸಲಿ."

ಗುಬ್ಬಿ ಅಪ್ಪನ ಕಾಲಿಗೆ ಸುತ್ತಿಕೊಂಡಳು. ಅವನು ಅವಳನ್ನು ಎತ್ತಿಕೊಂಡ, ಆದರೆ ತಲೆ ಎತ್ತಲಿಲ್ಲ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮೊಳಗೂ ಇಂಥ ಅಂಜಿಕೆ ಇದ್ದರೆ ತಟ್ಟೆ ಲೋಟ ಬೇರೆ ಮಾಡಬೇಡಿ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಸಂಗಾತಿಗೂ ಮಾಡಿಸಿ. ಹುಣ್ಣು ಒಣಗಿತು, ಕಲೆ ಹೋಯಿತು ಎಂದು ಸುಮ್ಮನಾಗಬೇಡಿ. ಬಸುರಿಯನ್ನು ಮೊದಲ ತಿಂಗಳುಗಳಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಿಫಿಲಿಸ್‌ಗೆ ಮದ್ದಿದೆ. ಒಮ್ಮೆ ವಾಸಿಯಾದರೂ ಮತ್ತೆ ತಗುಲಬಹುದು, ಆದ್ದರಿಂದ ಕಾಂಡೋಮ್ ಬಳಸಿ. ಹೇಳಲು ನಾಚಿಕೆಯಾದೀತು, ಮನೆಯಲ್ಲಿ ಕಣ್ಣೀರೂ ಬಂದೀತು. ಆದರೂ ಇವತ್ತೇ ಹೇಳಿ. ಆ ಲಾಂಡ್ರಿಯ ಮೇಲಿನ ಮನೆಯಲ್ಲಿ ಇಬ್ಬರು ಒಂದು ಅಳುವಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಆ ಕಾಯುವಿಕೆ ನಿಮ್ಮ ಮನೆಗೆ ಬೇಡ.