ಹಾರ್ಗ್ರೋವ್ ಅಂಗಡಿಯೆದುರಿನ ಕಾವಲು

ವರ್ಡೆಲ್ ಗೇನ್ಸ್ ಹಾರ್ಗ್ರೋವ್ ಅಂಗಡಿಯ ಪಕ್ಕದ ಬಾಗಿಲಿನಿಂದ ದುಂಡನೆಯ ಟೋಪಿ ಡಬ್ಬಿ ಹಿಡಿದು ಹೊರಬಂದದ್ದನ್ನು ಕಂಡಾಗ ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಖುಷಿ. ಸುಳ್ಳು ಹೇಳಿ ಏನು ಮಾಡಲಿ. ಹನ್ನೊಂದು ವರ್ಷದಿಂದ ನಾವಿಬ್ಬರೂ ಮಾತು ಬಿಟ್ಟವರು. ಚರ್ಚಿನ ಹಾಡುಗಾರರಿಗೆಂದು ನಾನು ಕಣ್ಣು ಬತ್ತಿಸಿಕೊಂಡು ಹೊಲಿದ ನಿಲುವಂಗಿಗಳನ್ನು ನೋಡಿ, "ದಿಂಬಿಗೆ ಹಾಕೋ ಚೀಲ ನಮಗ್ಯಾಕೆ" ಎಂದು ಇಡೀ ಸಭೆಯೆದುರು ಅಂದಿದ್ದಳು. ಅಂಥವಳು ಅವತ್ತು ತಾನಾಗಿಯೇ ನನ್ನ ಕೈಗೆ ಸಿಕ್ಕಿಬಿದ್ದಿದ್ದಳು.

ಅದು ಅರವತ್ತೆರಡನೆಯ ಇಸವಿ, ಈಸ್ಟರ್ ಹಿಂದಿನ ಶನಿವಾರ. ಅಲಬಾಮಾದ ನಮ್ಮೂರಿನಲ್ಲಿ ನಮ್ಮ ಕರಿಯ ಜನ ಪೇಟೆಬೀದಿಯ ಅಂಗಡಿಗಳಿಂದ ಒಂದು ಗುಂಡಿಯನ್ನೂ ಕೊಳ್ಳದೆ ಆರು ವಾರವಾಗಿತ್ತು. ಹಾರ್ಗ್ರೋವ್‌ನಲ್ಲಿ ನಮ್ಮ ದುಡ್ಡು ನಡೆಯುತ್ತಿತ್ತು, ನಮ್ಮ ತಲೆ ನಡೆಯುತ್ತಿರಲಿಲ್ಲ. ಟೋಪಿ ಬೇಕಾದರೆ ದೂರದಿಂದ ನೋಡಿ ಅಂದಾಜಿನ ಮೇಲೆ ಕೊಳ್ಳಬೇಕು, ಹಾಕಿ ನೋಡುವ ಹಾಗಿಲ್ಲ. ನಮ್ಮ ತಲೆ ಸೋಕಿದ ಟೋಪಿ ಬಿಳಿಯ ಹೆಂಗಸರಿಗೆ ಮೈಲಿಗೆ. ಅವರು ತಿನ್ನುವ ರೊಟ್ಟಿಯ ಹಿಟ್ಟನ್ನು ನಮ್ಮ ಕೈ ನಾದಬಹುದು, ಅವರ ಕೂಸುಗಳು ನಮ್ಮ ಮಡಿಲಲ್ಲಿ ನಿದ್ದೆ ಮಾಡಬಹುದು, ಅದಕ್ಕೆಲ್ಲ ಮೈಲಿಗೆಯಿಲ್ಲ.

ಈ ಈಸ್ಟರಿಗೆ ಯಾರೂ ಹೊಸದನ್ನು ತೊಡುವುದಿಲ್ಲ ಎಂದು ನಮ್ಮ ಚರ್ಚುಗಳೆಲ್ಲ ಸೇರಿ ತೀರ್ಮಾನ ಮಾಡಿದವು. ನನ್ನ ಹೊಲಿಗೆಯ ಸುಗ್ಗಿಯೆಲ್ಲ ಈಸ್ಟರಿನಲ್ಲೇ. ಆದರೂ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟು, ನಮ್ಮವರು ಕೊಳ್ಳದಂತೆ ನೋಡಿಕೊಳ್ಳಲು ಹಾರ್ಗ್ರೋವ್ ಎದುರಿನ ಬಸ್ ನಿಲ್ದಾಣದ ಹತ್ತಿರ ಕಾವಲು ನಿಂತೆ. ಜೊತೆಗೆ ಮಿಸ್ ಪೆಟ್ವೇ ಇದ್ದರು, ನಿವೃತ್ತ ಟೀಚರು, ಇರುವೆಗೂ ದಾರಿ ಬಿಡುವಂಥ ಜೀವ. ಅಂಗಡಿಗೆ ಹೋಗುವವರನ್ನು ತಡೆದ ಇಬ್ಬರು ಹೆಂಗಸರಿಗೆ ಹಿಂದಿನ ವಾರವಷ್ಟೇ ಆರಾರು ತಿಂಗಳು ಜೈಲಾಗಿತ್ತು. ನಾನು ಹೆದರಲಿಲ್ಲ. ಅಥವಾ ಹಾಗಂತ ಅಂದುಕೊಂಡಿದ್ದೆ.

"ಓಹೋ, ಸಿಸ್ಟರ್ ಗೇನ್ಸ್," ಎಂದು ಚರ್ಚಿನ ಮರ್ಯಾದೆಯಲ್ಲೇ ಕರೆದು ಅಡ್ಡ ನಿಂತೆ. "ಹಬ್ಬ ಭಾರೀ ಜೋರು ಕಾಣುತ್ತೆ."

"ದಾರಿ ಬಿಡು ಓಝೆಲಾ. ಬಸ್ಸು ಬರೋ ಹೊತ್ತು."

"ಡಬ್ಬೀಲಿ ಏನು?"

"ಹ್ಯಾಸ್ಕ್ಯೂ ಅಮ್ಮೋರ ಟೋಪಿ."

ನಾನು ನಕ್ಕೆ. ಬೆಳಗಿನಿಂದ ಸಿಕ್ಕಿಬಿದ್ದ ಇಬ್ಬರೂ ನಮ್ಮಮ್ಮೋರದು, ನಮ್ಮಮ್ಮೋರದು ಎಂದೇ ಹೇಳಿದ್ದರು. ಇಬ್ಬರದೂ ಸುಳ್ಳಾಗಿತ್ತು.

"ಯಾಕೆ, ನಿಮ್ಮಮ್ಮೋರಿಗೆ ಕಾಲಿಲ್ವಾ?"

"ಬೀದೀಲಿ ನಿಮ್ಮಂಥೋರು ನಿಂತಿದೀರಲ್ಲ, ಅದಕ್ಕೇ ನನ್ನ ಕಳ್ಸಿದಾರೆ. ಈ ವಾರ ಬೇಡ ಅಮ್ಮೋರೆ ಅಂದೆ. ಕೇಳ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಮನೇಲಿ ದುಡೀತಿದೀನಿ, ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ನಿನಗೇನಮ್ಮ, ನಿನಗೆ ಯಜಮಾನಿ ಇಲ್ಲ."

ಆ ಕೊನೆಯ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

"ಮುಚ್ಚಳ ತೆಗಿ."

"ನೀನ್ಯಾರೇ ತೆಗಿ ಅನ್ನೋಕೆ?"

"ಬಿಡೇ ಓಝೆಲಾ," ಎಂದರು ಮಿಸ್ ಪೆಟ್ವೇ. "ಹೇಳ್ತಿದಾಳಲ್ಲ."

ನಾನು ಬಿಡಲಿಲ್ಲ. ಡಬ್ಬಿಗೆ ಕೈ ಹಾಕಿ ಎಳೆದೆ. ಅವಳೂ ಎಳೆದಳು. ಮುಚ್ಚಳ ಹಾರಿ ಟೋಪಿ ಕಲ್ಲುಹಾಸಿನ ಮೇಲೆ ಬಿತ್ತು. ನಿಂಬೆಹಣ್ಣಿನ ಬಣ್ಣದ ಹುಲ್ಲಿನ ಟೋಪಿ, ಸುತ್ತಲೂ ಬಟ್ಟೆಯ ನೇರಳೆ ಹೂ. ಹೊಲಿಗೆಯವಳಾಗಿ ಹೇಳುತ್ತೇನೆ, ಅಂಥ ಕೈಕೆಲಸ ನಮ್ಮೂರಲ್ಲಿ ನಾನು ಕಂಡಿಲ್ಲ. ಹಿಮ್ಮಡಿಯಿಂದ ತುಳಿದೆ. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸುಖಕ್ಕೆ ಇನ್ನೊಂದು ಸಲ ತುಳಿದೆ.

ಮಿಸ್ ಪೆಟ್ವೇ ಬಗ್ಗಿ ಟೋಪಿಯೊಳಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಚೀಟಿ ಓದಿದರು. ಓದಿ ನನ್ನ ಮುಖಕ್ಕೆ ಹಿಡಿದರು. 'ಶ್ರೀಮತಿ ಹ್ಯಾಸ್ಕ್ಯೂ ಅವರಿಗೆ' ಎಂದಿತ್ತು. ನಮ್ಮ ಹೆಂಗಸರ ಹೆಸರಿಗೆ ಶ್ರೀಮತಿ ಎಂದು ಸೇರಿಸಿ ಬರೆಯುವ ಪೆನ್ನು ಆ ಅಂಗಡಿಯಲ್ಲಿರಲಿಲ್ಲ.

ಅಷ್ಟರಲ್ಲಿ ಪೊಲೀಸಿನವನು ರಸ್ತೆ ದಾಟಿ ಬಂದ. ಮೀಸೆ ಕೂಡ ಸರಿಯಾಗಿ ಮೂಡದ ಪೋರ. ವರ್ಡೆಲ್‌ಗೆ ಆಗ ಐವತ್ತಾರು.

"ಏನೇ ಹುಡುಗಿ, ಏನು ಗಲಾಟೆ? ಯಾರೇ ಇದನ್ನ ಹಾಳು ಮಾಡಿದ್ದು?"

ವರ್ಡೆಲ್ ನನ್ನನ್ನು ನೋಡಿದಳು. ನನ್ನ ಬೂಟಿನ ಹಿಮ್ಮಡಿಗೆ ಒಂದು ನೇರಳೆ ಹೂ ಅಂಟಿಕೊಂಡಿದ್ದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾಲು ಎತ್ತದೆ ನಿಂತೆ. ಅವಳ ಒಂದು ಮಾತಿಗೆ ನನಗೆ ಆರು ತಿಂಗಳು. ಅದೇ ಮಾತಿಗೆ ಅವಳ ಕೆಲಸ ಭದ್ರ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ಹೇಳಿಬಿಡುತ್ತಿದ್ದೆ ಎಂಬ ಯೋಚನೆಯೂ ಬಂತು.

"ಕೈ ಜಾರ್ತು ಸಾಹೇಬ್ರೆ," ಎಂದಳು. "ನಾನೇ ತುಳಿದ್ಬಿಟ್ಟೆ."

"ಕಣ್ಣು ಕಾಣ್ಸಲ್ವಾ ನಿನಗೆ?"

"ವಯಸ್ಸಾಯ್ತಲ್ಲ ಸಾಹೇಬ್ರೆ."

ಅವನು ನಗುತ್ತ ಹೋದ. ಅವಳು ಟೋಪಿಯನ್ನು ಎತ್ತಿ, ಕಿತ್ತುಹೋದ ಹೂಗಳನ್ನೂ ಆರಿಸಿ ಡಬ್ಬಿಗೆ ಹಾಕಿಕೊಂಡು, ಬಸ್ಸು ಹತ್ತಿ ಹಿಂದಿನ ಸೀಟಿಗೆ ಹೋದಳು. ನಾನೂ ಅದೇ ಬಸ್ಸು ಹತ್ತಬೇಕಿತ್ತು. ಹ್ಯಾಸ್ಕ್ಯೂ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು, ತುಳಿದವಳು ನಾನು, ಇವಳ ತಪ್ಪಿಲ್ಲ ಎನ್ನಬೇಕಿತ್ತು. ಹತ್ತಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ಮಾರನೆಯ ದಿನ ಚರ್ಚಿನಲ್ಲಿ ಬಂದವರಿಗೆ ಜಾಗ ತೋರಿಸುವ ಸರದಿ ನನ್ನದು. ಬಿಳಿ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಂಥ ಈಸ್ಟರನ್ನು ನಾನು ಅದರ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಗಂಡಸರು ಕಾರ್ಖಾನೆಗೆ ತೊಡುವ ಒರಟು ಬಟ್ಟೆಯಲ್ಲಿ, ಹೆಂಗಸರು ಬಣ್ಣ ಮಾಸಿದ ಅಂಗಿಗಳಲ್ಲಿ, ಎಲ್ಲರೂ ತಲೆಯೆತ್ತಿಕೊಂಡು ಬಂದರು. ವರ್ಡೆಲ್ ಕೊನೆಗೆ ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳನ್ನು ನೆಟ್ಟಗೆ ಮಾತಾಡಿಸಿದೆ.

"ಏನಾಯ್ತೇ?"

"ಏನಾಗುತ್ತೆ. ಪೊಲೀಸ್ನೋನು ನಂಬಿದ, ಅಮ್ಮೋರು ನಂಬ್ಲಿಲ್ಲ. ಟೋಪಿ ಮೇಲೆ ಬೂಟಿನ ಗುರುತಿತ್ತು, ನನ್ನ ಕಾಲಿನ ಎರಡರಷ್ಟು. ಯಾರು ತುಳಿದದ್ದು ಹೇಳು, ನಿನ್ನ ಕೆಲಸಕ್ಕೆ ಏನೂ ಆಗಲ್ಲ ಅಂದ್ರು. ಮೂರು ಸಲ ಕೇಳಿದ್ರು."

"ನೀನೇನಂದೆ?"

"ಏನೂ ಅನ್ಲಿಲ್ಲ. ಟೋಪಿ ತಗೊಂಡು ಅವರ ಕನ್ನಡಿ ಮುಂದೆ ನಿಂತು ತಲೆಗಿಟ್ಕೊಂಡೆ. ಈ ಕಡೆ ತಿರುಗಿ ಒಂದ್ಸಲ ನೋಡ್ಕೊಂಡೆ, ಆ ಕಡೆ ತಿರುಗಿ ಒಂದ್ಸಲ. ಅಷ್ಟು ವರ್ಷ ಆ ಕನ್ನಡಿ ಒರೆಸಿದೀನಿ ಓಝೆಲಾ, ನಿಂತು ಮುಖ ನೋಡ್ಕೊಂಡಿದ್ದು ನಿನ್ನೇನೇ."

"ಅಮ್ಮೋರು?"

"ಕಿರುಚಿದ್ರು. ಅಡಿಗೆಮನೆ ಬಾಗಿಲಿಂದ ಆಚೆ ಕಳ್ಸಿದ್ರು. ಒಲೆ ಮೇಲೆ ಹಂದಿಮಾಂಸ ಬೇಯ್ತಿತ್ತು, ಸೀದು ಹೋಗಿರುತ್ತೆ."

"ವರ್ಡೆಲ್, ನನ್ನಿಂದ..." ಎಂದು ಶುರು ಮಾಡಿದೆ.

"ಸಾಕು. ನಿನಗೋಸ್ಕರ ಮಾಡಿದ್ದಲ್ಲ. ನಮ್ಮೋಳನ್ನ ಅವರ ಕೈಗೆ ಹಿಡಿದು ಕೊಡೋದು ನನ್ನಿಂದ ಆಗಲ್ಲ, ಅಷ್ಟೇ. ಆ ನಮ್ಮೋಳು ನೀನಾಗಿದ್ದು ನನ್ನ ಹಣೆಬರಹ."

ಜಾಗ ತೋರಿಸಲು ನಾನು ಕೈ ಚಾಚಿದೆ. ಅವಳು ಆ ಕೈಯನ್ನು ನೋಡಲೂ ಇಲ್ಲ, ತಾನಾಗಿ ನಡೆದುಹೋಗಿ ಹಾಡುಗಾರರ ಸಾಲಿನಲ್ಲಿ ನಿಂತಳು. ನಾನು ಹೊಲಿದ ನಿಲುವಂಗಿಯಲ್ಲೇ ಹಾಡಿದಳು, ಬೇಕೆಂದೇ ಅದರ ತೋಳು ಜಗ್ಗಿಕೊಳ್ಳುತ್ತ. ಪಾಸ್ಟರ್ ಉಪದೇಶದ ನಡುವೆ ನಮ್ಮ ಕಾವಲಿನವರ ಧೈರ್ಯವನ್ನು ಹೊಗಳಿದರು, ನನ್ನ ಹೆಸರನ್ನೂ ಹೇಳಿದರು. ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿಬಿಡಬೇಕು ಅನ್ನಿಸಿತು. ಆಮೆನ್ ಎಂದು ಕೂತೇ ಇದ್ದೆ.

ಹೊರಗೆ ಬರುವಾಗ ವರ್ಡೆಲ್ ತಾನಾಗಿ ನನ್ನ ಮುಂದೆ ನಿಂತಳು.

"ನಾಳೆನೂ ಅಲ್ಲಿ ನಿಲ್ತೀಯಾ?"

"ನಿಲ್ತೀನಿ."

"ನಂಗೂ ಈಗ ಬಿಡುವು. ನೀನು ಬಸ್ ಕಡೆ ಇರು, ಪಕ್ಕದ ಬಾಗಿಲು ನನ್ನದು. ಮಾತಾಡಿಸ್ಬೇಡ."

ಸೋಮವಾರ ಬಂದೇ ಬಂದಳು. ನನ್ನ ಕಡೆಗೆ ಬೆನ್ನು ಹಾಕಿ ನಿಂತಳು. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು, ಇಪ್ಪತ್ತರ ಆಸುಪಾಸು, ಎರಡು ಕಟ್ಟು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಅಂಟಿಕೊಂಡಂತೆ ಹೊರಬಂದಳು. ತನಗೆಂದು ಕೊಂಡು ಮುಚ್ಚಿಡುವವರ ಆ ನಡಿಗೆ ನೋಡಿದರೇ ನನಗೆ ಗೊತ್ತಾಗುತ್ತದೆ. ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಯಿತು. ವರ್ಡೆಲ್ ಆಗಲೇ ಅವಳೆದುರು ನಿಂತಿದ್ದಳು.

"ಯಾರದಮ್ಮ ಇದು?"

"ಕೆಲಸದ ಮನೇದು," ಎಂದಳು ಹೆಂಗಸು, ಕಟ್ಟುಗಳನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು.

"ಸರಿ ತಾಯಿ. ಭಾರ ಇದೆ, ಒಂದು ಇಲ್ಲಿ ಕೊಡು."

ಒಂದು ಕಟ್ಟನ್ನು ತಾನು ಹಿಡಿದು, ನನ್ನ ಮುಂದೆಯೇ ಹಾದು, ಬಸ್ಸು ಬರುವವರೆಗೆ ಅವಳ ಜೊತೆ ನಿಂತಳು. ಆ ಹೆಂಗಸು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ವರ್ಡೆಲ್‌ಗೂ ಗೊತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಒಂದು ಗಳಿಗೆ ನನ್ನ ಕಡೆ ನೋಡಿದಳು. ಬೈಯುತ್ತಾಳೇನೋ ಎಂದು ಕಾದೆ, ನಿಜ ಹೇಳಬೇಕೆಂದರೆ ಬೈಯಲಿ ಎಂದು ಆಸೆಪಟ್ಟೆ. ಅವಳು ತಿರುಗಿ ತನ್ನ ಬಾಗಿಲ ಹತ್ತಿರ ಹೋಗಿ ನಿಂತಳು.