ಜೋಡಿ ಪ್ಲಾನ್

‘ಕೇಳಿಸ್ತಾ ಇದೆಯಾ?’ ಎಂದು ಅವನು ಬಚ್ಚಲುಮನೆಯ ಕಿಟಕಿಯಿಂದ ಕತ್ತು ಹೊರಗೆ ಚಾಚಿ ಕೇಳಿದ. ಇಡೀ ಮನೆಯಲ್ಲಿ ಫೋನು ಸ್ವಲ್ಪವಾದರೂ ಜೀವ ಹಿಡಿದಿರುತ್ತಿದ್ದ ಜಾಗ ಅದೊಂದೇ. ಆ ಕಡೆಯಿಂದ ಅಕ್ಕನ ದನಿ ತುಂಡು ತುಂಡಾಗಿ ಬಂತು. ‘ಇವತ್ತೇನಾ ಅವಳು... ನೀನು ಒಂದು ಮಾತು... ಗೋಡೆ ಹತ್ರ ಮಾತಾಡಿದ ಹಾಗೆ...’ ಆಮೇಲೆ ಅದೂ ನಿಂತಿತು.

ಗೋಡೆ ಎಂದದ್ದು ಫೋನಿಗೋ ತನಗೋ ಅವನಿಗೆ ತಿಳಿಯಲಿಲ್ಲ. ವಿಚಾರಿಸುವ ಗೋಜಿಗೂ ಹೋಗಲಿಲ್ಲ.

ಎದುರಿನ ಕಟ್ಟಡದ ತಾರಸಿಯ ಮೇಲಿದ್ದ ಟವರನ್ನು ಕಂಪನಿಯವರು ಕಿತ್ತುಕೊಂಡು ಹೋದಂದಿನಿಂದ ಮನೆಗೆ ಕಿವುಡು ಬಡಿದಿತ್ತು. ಬೇರೆ ಕಂಪನಿಗೆ ಬದಲಾಯಿಸಬೇಕು ಎಂದುಕೊಳ್ಳುತ್ತಲೇ ತಿಂಗಳುಗಳು ಕಳೆದಿದ್ದವು. ವಿಪರ್ಯಾಸವೆಂದರೆ ಜನರ ಕಿವಿ ಪರೀಕ್ಷಿಸುವುದೇ ಅವನ ಉದ್ಯೋಗ. ಆಸ್ಪತ್ರೆಯಲ್ಲಿ, ಸದ್ದು ಸುಳಿಯದ ಗಾಜಿನ ಕೋಣೆಯ ಈಚೆ ಕುಳಿತು, ಯಾರಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವವನು ಅವನು.

ಮಲಗುವ ಕೋಣೆಯಲ್ಲಿ ಹೆಂಡತಿ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದಳು. ಸಂಜೆಯ ರೈಲಿಗೆ ಅವಳು ಹೊರಡುವವಳು. ದೂರದ ಬಂದರಿನ ಕಚೇರಿಗೆ ಅವಳಿಗೆ ವರ್ಗವಾಗಿತ್ತು. ಎಷ್ಟು ಕಾಲ ಎಂದು ಅವನು ಒಮ್ಮೆ ಕೇಳಿದ್ದ. ‘ನೋಡೋಣ’ ಎಂದಿದ್ದಳು. ವರ್ಗ ತಾನಾಗಿ ಬಂದದ್ದಲ್ಲ, ಅವಳೇ ಅರ್ಜಿ ಹಾಕಿ ಪಡೆದದ್ದು ಎಂದು ಅವಳ ತಮ್ಮ ಯಾವುದೋ ಮಾತಿನ ನಡುವೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಆ ವಿಷಯವನ್ನು ಅವನು ಅವಳ ಮುಂದೆ ಎತ್ತಿರಲಿಲ್ಲ. ಎತ್ತದೇ ಇದ್ದುದಕ್ಕೆ ಅವನು ಸಭ್ಯತೆ ಎಂದು ಹೆಸರಿಟ್ಟುಕೊಂಡಿದ್ದ.

‘ಇವತ್ತಾದ್ರೂ ಆ ಸಿಮ್ ವಿಷಯ ಮುಗಿಸಿಬಿಡಿ’ ಎಂದಳು, ತಲೆಯೆತ್ತದೆ. ‘ಅಲ್ಲಿಗೆ ಹೋದ್ಮೇಲೆ ಮಾತಾಡೋದಕ್ಕೆ ಏನಾದ್ರೂ ಬೇಕಲ್ಲ.’

‘ಯಾವ ಕಂಪನಿದು ತಗೊಳ್ಲಿ?’

‘ಯಾವುದಾದ್ರೂ ಆಗುತ್ತೆ. ನೀವೇ ನೋಡಿ.’

ಜಿಪ್ಪಿನ ಬಿರುಕಿನಲ್ಲಿ ಅವಳ ಸ್ವೆಟರಿನ ತೋಳು ಇಣುಕಿತು. ಹೊರಗೆ ಬೇಸಿಗೆ ಇನ್ನೂ ಶುರುವಾಗುತ್ತಿತ್ತು. ಅವನು ಸ್ವೆಟರನ್ನು ನೋಡಿದ್ದನ್ನು ಅವಳು ನೋಡಿದಳು. ಬೆರಳಿನಿಂದ ಅದನ್ನು ಒಳಕ್ಕೆ ತುರುಕಿ ಜಿಪ್ ಎಳೆದುಬಿಟ್ಟಳು.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳ ಮಾತು ತಲೆಯಲ್ಲಿ ಸುತ್ತಿತು. ಮಾತಾಡೋದಕ್ಕೆ ಏನಾದ್ರೂ ಬೇಕಲ್ಲ. ಫೋನೋ, ವಿಷಯವೋ?

*

ಗಾಜಿನ ಆಚೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತರಗತಿಯಲ್ಲಿ ಪ್ರಶ್ನೆಗೆ ಕಾಯುವ ಹುಡುಗನ ಹಾಗೆ ಕುಳಿತಿದ್ದರು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು ಎಂದು ಹೇಳಿ ಅವನು ಗುಂಡಿ ಒತ್ತಿದ. ಕೈ ಎದ್ದಿತು. ಇನ್ನಷ್ಟು ಸಣ್ಣ ಸದ್ದು. ಕೈ ಎದ್ದಿತು.

ನಡುವೆ ಅವನಿಗೆ ಪ್ಲಾನುಗಳ ಯೋಚನೆ ಬಂದು ಬೆರಳು ಗುಂಡಿಯಿಂದ ಸರಿಯಿತು. ಹಸಿರು ಬೋರ್ಡಿನ ಕಂಪನಿಗೆ ಊರೊಳಗೆ ಸಿಗ್ನಲ್ ಚೆನ್ನ, ಬಂದರಿನ ಕಡೆ ಕಷ್ಟ. ಹಳದಿ ಬೋರ್ಡಿನದು ಅದಕ್ಕೆ ಉಲ್ಟಾ. ‘ಎಲ್ಲಾ ಒಂದೇ ಕಣ್ರೀ’ ಎಂದಿದ್ದರು ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು. ‘ಯಾವುದು ತಗೊಂಡ್ರೂ ಇನ್ನೊಂದು ತಗೋಬೇಕಿತ್ತು ಅನ್ಸುತ್ತೆ.’

ತಲೆಯೆತ್ತಿದರೆ ಹೆಡ್‌ಮಾಸ್ತರರ ಕೈ ಮೇಲಿತ್ತು. ಇಳಿಯಿತು. ಮತ್ತೆ ಎದ್ದಿತು. ಅವನು ಏನನ್ನೂ ಒತ್ತಿರಲಿಲ್ಲ.

ಮೈಕಿನಲ್ಲಿ ಕೇಳಿದ. ‘ಈಗ ಏನು ಕೇಳಿಸ್ತು ಸಾರ್?’

‘ಯಾರೋ ಕರೆದ ಹಾಗಾಯ್ತು. ನಿಮ್ಮ ಮಿಷನ್ನು, ನೀವೇ ಹೇಳ್ಬೇಕು.’

ಇಂಥವರು ಬರುತ್ತಾರೆ. ಕಿವುಡನೆನಿಸಿಕೊಳ್ಳುವ ಹೆದರಿಕೆಗೆ ಕೈ ಎತ್ತುತ್ತಾರೆ. ಅವನು ಯಾವಾಗಲೂ ನಗುವಷ್ಟೇ ನಕ್ಕು ಪರೀಕ್ಷೆ ಮುಗಿಸಿದ. ಅವರು ಹೋದ ಮೇಲೆ ತಾನೇ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೂತ. ಏನೂ ಇರಲಿಲ್ಲ. ತನ್ನ ರಕ್ತ ಹರಿಯುವ ಸದ್ದೊಂದು ಮಾತ್ರ.

*

ಫೋನಿನಂಗಡಿಯಲ್ಲಿ ಎಲ್ಲ ಕಂಪನಿಗಳ ಸಿಮ್ಮೂ ಸಿಗುತ್ತಿತ್ತು. ಹೊರಗಿನ ಬಿಸಿಲಿಗೆ ಒಳಗಿನ ತಣುಪು ಮುಖಕ್ಕೆ ಹೊಡೆಯುವಂತಿತ್ತು. ಕೌಂಟರಿನ ಹಿಂದಿನ ಹುಡುಗಿ ಅವನ ಕಷ್ಟವನ್ನೆಲ್ಲ ತಲೆಯಾಡಿಸುತ್ತ ಕೇಳಿ, ‘ಹಾಗಾದ್ರೆ ನಿಮಗೆ ಜೋಡಿ ಪ್ಲಾನೇ ಸರಿ’ ಎಂದಳು. ‘ಎರಡು ಹೊಸ ನಂಬರು. ಒಂದು ನಿಮಗೆ, ಒಂದು ಮೇಡಮ್‌ಗೆ. ನೀವಿಬ್ರು ಎಷ್ಟು ಬೇಕಾದ್ರೂ ಮಾತಾಡ್ಬಹುದು, ಮಿತಿ ಇಲ್ಲ.’

‘ಅಷ್ಟೇನು ಮಾತಾಡಲ್ಲ’ ಎಂದ ಅವನು.

ಹುಡುಗಿ ನಕ್ಕಳು. ಗಿರಾಕಿಗಳ ಮಾತಿಗೆ ನಗುವುದು ಅವಳ ಕೆಲಸದ ಭಾಗ. ‘ಎಷ್ಟು ದಿನಕ್ಕೆ ಹಾಕ್ಲಿ ಸರ್? ತಿಂಗಳದ್ದಿದೆ, ಮೂರು ತಿಂಗಳದ್ದಿದೆ, ವರ್ಷದ್ದಿದೆ.’

ಇಷ್ಟು ನೇರವಾಗಿ ಯಾರೂ ಅವನನ್ನು ಕೇಳಿರಲಿಲ್ಲ. ಒಂದು ತಿಂಗಳೆಂದರೆ ಅವಳು ಬೇಗ ಮರಳುತ್ತಾಳೆಂದು ನಂಬಿದ ಪೆದ್ದನಾಗುತ್ತೇನೆ. ವರ್ಷವೆಂದರೆ ಬರುವುದಿಲ್ಲವೆಂದು ನಾನೇ ಒಪ್ಪಿ ಸಹಿ ಹಾಕಿದಂತೆ. ಅವನು ಕೌಂಟರಿನ ಗಾಜಿನ ಮೇಲೆ ಬೆರಳಿಟ್ಟುಕೊಂಡು ನಿಂತ. ಹಿಂದೆ ಯಾರೋ ಕೆಮ್ಮಿದರು.

‘ಮನೇಲಿ ಒಂದ್ಸಲ ಕೇಳ್ಬಿಡಿ ಸರ್. ಹಳದಿ ಕಂಪನಿಯದು ಹೇಗೆ ಕೇಳುತ್ತೆ ಅಂತಾನೂ ಗೊತ್ತಾಗುತ್ತೆ’ ಎಂದು ಹುಡುಗಿ ಅಂಗಡಿಯ ಫೋನನ್ನೇ ಅವನ ಕೈಗಿಟ್ಟಳು.

ಮನೆಯಲ್ಲಿ ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಅವನು ಹೆಂಡತಿಯ ನಂಬರು ಒತ್ತಿದ. ಹುಡುಗಿಯ ಸಮಾಧಾನಕ್ಕೆ. ಆ ಕಡೆ ರಿಂಗಾಗುವ ಮೊದಲೇ ಅವಳು ಎತ್ತಿದಳು.

‘ಹೇಳು’ ಎಂದಳು.

ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಅವನು ಬೆಚ್ಚಿ ಪಕ್ಕಕ್ಕೆ ನೋಡಿದ. ಮಾತಿಗೆ ಮುಂಚೆ ತುಟಿ ಬಿಡಿಸಿದ ಸದ್ದೂ ಕೇಳಿತ್ತು.

‘ನಾನು, ಅಂಗಡಿಯಿಂದ. ತಿಂಗಳದ್ದು, ಮೂರು ತಿಂಗಳದ್ದು, ವರ್ಷದ್ದು ಅಂತ ಇದೆಯಂತೆ. ಯಾವುದು ತಗೊಳ್ಲಿ?’

‘ವರ್ಷದ್ದೇ ತಗೋ. ಮತ್ತೆ ಮತ್ತೆ ಕೇಳೋ ಕಷ್ಟ ಇರಲ್ಲ ನಿನಗೆ.’

ತಗೋ ಎಂದಳು. ನಿನಗೆ ಎಂದಳು. ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಅವಳು ಅವನನ್ನು ಹೋಗೋ ಬಾರೋ ಎನ್ನುತ್ತಿದ್ದವಳು. ಮದುವೆಯಾದ ಹೊಸದರಲ್ಲಿ, ಅವನ ಅಮ್ಮ ಮುಖ ಗಂಟಿಕ್ಕಿದ್ದನ್ನು ಕಂಡು ಬಹುವಚನಕ್ಕೆ ತಿರುಗಿದಳು. ಅಮ್ಮ ತೀರಿಹೋದ ಮೇಲೂ ಬಹುವಚನ ಮನೆಯಲ್ಲಿ ಉಳಿದುಬಿಟ್ಟಿತು. ಅಮ್ಮನ ಮಂಚದ ಹಾಗೆ, ಯಾರೂ ಮಲಗದೆ, ಯಾರೂ ಹೊರಗೆ ಹಾಕದೆ.

ಅವನು ಹುಡುಗಿಗೆ ಬೆನ್ನು ತಿರುಗಿಸಿ ದನಿ ತಗ್ಗಿಸಿದ. ‘ವರ್ಗ ನೀನೇ ಕೇಳಿ ಹಾಕಿಸ್ಕೊಂಡಿದ್ದಾ?’

‘ಹೂಂ. ಯಾವತ್ತಾದ್ರೂ ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ.’

‘ಮತ್ತೆ ಈಗ...’

‘ಈಗ ಕೇಳ್ದೆಯಲ್ಲ’ ಎಂದಳು. ಸಿಟ್ಟಿರಲಿಲ್ಲ. ಮಗುವಿನ ತಲೆ ಸವರಿದ ಹಾಗಿತ್ತು. ಫೋನು ಕಡಿಯಿತು.

‘ಚೆನ್ನಾಗಿ ಕೇಳಿಸ್ತಾ ಸರ್?’ ಎಂದಳು ಹುಡುಗಿ.

‘ಬಹಳ ಚೆನ್ನಾಗಿ’ ಎಂದ. ವರ್ಷದ್ದನ್ನೇ ತೆಗೆದುಕೊಂಡ.

*

ಮನೆಗೆ ಬಂದಾಗ ಅವಳು ಹೊರಡಲು ತಯಾರಾಗಿ, ನಡುಮನೆಯಲ್ಲಿ ಪರರ ಮನೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಯಾವುದರಿಂದ ಶುರು ಮಾಡುವುದೆಂದು ಅವನಿಗೆ ಹೊಳೆಯಲಿಲ್ಲ.

‘ಮಧ್ಯಾಹ್ನ ಅಷ್ಟು ಹೇಳಿ ಯಾಕೆ ಇಟ್ಬಿಟ್ಟೆ?’

‘ಏನು ಹೇಳಿ?’

‘ಫೋನಲ್ಲಿ.’

‘ಯಾವ ಫೋನಲ್ಲಿ?’ ಅವಳು ಅವನ ಮುಖ ನೋಡಿದಳು. ‘ಚಾರ್ಜರ್ ಸೂಟ್‌ಕೇಸಿನ ಅಡಿಗೆ ಹೋಗ್ಬಿಟ್ಟಿದೆ ರೀ. ಬೆಳಿಗ್ಗೆಯಿಂದ ಸತ್ತು ಬಿದ್ದಿದೆ ಫೋನು.’

ಟೀಪಾಯಿಯ ಮೇಲೆ ಅವಳ ಫೋನು ಕಪ್ಪಗೆ ಮಲಗಿತ್ತು. ಅವನು ಎತ್ತಿಕೊಂಡು ಗುಂಡಿಯನ್ನು ಒತ್ತಿ ಹಿಡಿದ. ಗಾಜಿನಲ್ಲಿ ತನ್ನ ಗಲ್ಲ ಮಾತ್ರ ಕಂಡಿತು.

‘ನಾನೇನಂದೆ?’ ಎಂದಳು. ದನಿಯಲ್ಲಿ ಕುತೂಹಲವಿತ್ತು. ಅದರ ಕೆಳಗೆ ಇನ್ನೇನೋ ಇತ್ತು. ತಾನಿಲ್ಲದಾಗ ತನ್ನ ಬೀರು ತೆರೆದವರ ಮೇಲಿರುವಂಥದು.

‘ಏನಿಲ್ಲ ಬಿಡು. ಬೇರೆ ಯಾರಿಗೋ ಹೋಗಿರ್ಬೇಕು.’

‘ಹೇಳಿ ಪರವಾಗಿಲ್ಲ.’

‘ಮೂರು ತಿಂಗಳದ್ದು ಸಾಕು ಅಂದೆ.’

‘ಅಂದಿರಬಹುದು’ ಎಂದಳು.

ಈಗ ಕೇಳಬಹುದಿತ್ತು. ಅವಳು ಎದುರಿಗಿದ್ದಳು, ನಡುವೆ ಟೀಪಾಯಿಯೊಂದೇ. ವರ್ಗ ನೀನೇ ಕೇಳಿದ್ದಾ ಎಂಬ ಮೂರು ಪದ. ಅವನು ಬಾಯಿ ತೆರೆದು, ‘ಟ್ಯಾಕ್ಸಿ ಬಂತೇನೋ’ ಎಂದ.

*

ಸ್ಟೇಷನ್ನಿನಲ್ಲಿ ರೈಲು ಆಗಲೇ ನಿಂತಿತ್ತು. ಸೀಟಿನ ಪಕ್ಕದ ಸಾಕೆಟ್ಟಿಗೆ ಫೋನು ಸಿಕ್ಕಿಸಿ, ಹೊಸ ಸಿಮ್ ಹಾಕಿ, ಅವಳು ಕಿಟಕಿಯ ಬಳಿ ಕೂತಳು. ಅವನು ಕೆಳಗೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ತನ್ನ ಫೋನಿಗೂ ಹೊಸ ಸಿಮ್ ಹಾಕಿಕೊಂಡಿದ್ದ. ಅವಳದ್ದು ಕಿಣಿ ಎಂದಿತು. ಓದಿದಳು.

‘ಒಂದು ವರ್ಷ ಅಂತ ಬಂದಿದೆ.’

‘ಏನೋ ಆಫರ್ ಇರ್ಬೇಕು.’

‘ಇರ್ಬೇಕು.’

ಸರಳಿನ ಮೇಲೆ ಅವಳ ಕೈ ಇತ್ತು. ಅವನು ತನ್ನ ಕೈಯನ್ನೂ ಅಲ್ಲೇ ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ, ಇಟ್ಟ. ರೈಲು ಅಲುಗಿತು. ‘ಗ್ಯಾಸ್ ಆಫ್ ಮಾಡಿದ್ದೀನಿ’ ಎಂದಳು ಅವಳು, ಮುಖವನ್ನು ಒಳಗೆ ತಿರುಗಿಸುತ್ತ. ಅದೇ ಕೊನೆಯ ಮಾತಾಯಿತು.

ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನು ನಡೆದೇ ಮನೆಯ ಕಡೆ ಹೊರಟ. ಓಣಿಗೆ ತಿರುಗುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಈ ನಂಬರು ಅವಳೊಬ್ಬಳಿಗೇ ಗೊತ್ತು.

‘ಎಲ್ಲಿದ್ದೀಯಾ?’

ಅದೇ ದನಿ. ಮಧ್ಯಾಹ್ನದ್ದು. ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

‘ಬರ್ತಾ ಇದ್ದೀನಿ’ ಎಂದ.

‘ನಿಧಾನಕ್ಕೆ ಬಾ.’

ಕಿವಿ ಅವನ ಕಸುಬು. ದನಿಯ ಹಿಂದೆ ಹಳಿಯ ಸದ್ದಿರಲಿಲ್ಲ, ಜನರ ಗದ್ದಲವಿರಲಿಲ್ಲ. ಒಂದು ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಸದ್ದು. ಚಪ್ಪಲಿಯಿಲ್ಲದ ಕಾಲು ನೆಲದ ಮೇಲೆ ಸವರಿದ ಸದ್ದು. ನೀನೆಲ್ಲಿದ್ದೀಯ ಎಂದು ಕೇಳಬೇಕಿತ್ತು. ಕೇಳಿದರೆ ಕಡಿದುಹೋಗಬಹುದೆಂದು ಹೆದರಿ ಕೇಳಲಿಲ್ಲ.

ಬದಲು ಮಾತಾಡಿದ. ಅಮ್ಮ ಮುಖ ಗಂಟಿಕ್ಕಿದ ದಿನ ತಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದು ಕಾಣದೆ ಅಲ್ಲ, ಕಂಡೇ ಎಂದ. ಸ್ವೆಟರು ನೋಡಿದೆ ಎಂದ. ದಿನವಿಡೀ ಗಾಜಿನ ಹಿಂದೆ ಕೂತು ಕೂತು ಮನೆಗೂ ಆ ಗಾಜನ್ನು ಹೊತ್ತು ತರುತ್ತೇನೆ ಅನ್ನಿಸುತ್ತದೆ ಎಂದ. ದನಿ ಹೂಂ ಎನ್ನುತ್ತಿತ್ತು. ನಡುವೆ ಒಮ್ಮೆ ಮೆಲ್ಲಗೆ ನಕ್ಕಿತು. ಮೆಟ್ಟಿಲು ಹತ್ತುವಾಗ ಏದುಸಿರು ಬಂದದ್ದಕ್ಕೆ, ‘ಅರ್ಧದಲ್ಲಿ ನಿಂತ್ಕೊಂಡು ಹತ್ತೋ’ ಎಂದಿತು. ಎಷ್ಟೋ ಕಾಲದ ಮೇಲೆ ಅವನಿಗೆ ಎದೆ ಹಗುರಾಗಿತ್ತು.

ಮನೆಯ ಬಾಗಿಲ ಮುಂದೆ ಬಂದು ನಿಂತ. ಬೀಗದ ಕೈ ಜೇಬಿನಲ್ಲಿತ್ತು. ಅವನು ಅದನ್ನು ತೆಗೆಯಲಿಲ್ಲ. ಬೆರಳು ತಾನಾಗಿ ಕರೆಗಂಟೆಯ ಮೇಲೆ ಹೋಯಿತು.

ಗಂಟೆ ಬಾಗಿಲ ಹಿಂದೆ ಮೊಳಗಿತು. ಅದೇ ಗಂಟೆ ಫೋನಿನೊಳಗೂ ಮೊಳಗಿತು.

‘ಒಂದ್ನಿಮಿಷ ಇರು’ ಎಂದಿತು ದನಿ. ‘ಯಾರೋ ಬಂದ ಹಾಗಿದೆ.’

ಫೋನಿನಲ್ಲಿ ಹೆಜ್ಜೆಗಳು ಹತ್ತಿರವಾದವು. ಅವನು ಇನ್ನೊಂದು ಕಿವಿಯನ್ನು ಬಾಗಿಲ ಹಲಗೆಗೆ ಹಚ್ಚಿದ. ಅಲ್ಲಿ ಏನೂ ಇರಲಿಲ್ಲ. ಹೆಜ್ಜೆ ನಿಂತಿತು. ಫೋನಿನಲ್ಲಿ ಚಿಲಕ ಸರಿಯಿತು, ಬಾಗಿಲು ಕಿರ್‌ರೆಂದು ತೆರೆಯಿತು. ಅವನ ಕೆನ್ನೆಗೆ ತಾಗಿದ್ದ ಹಲಗೆ ಅಲುಗಲಿಲ್ಲ.

ಉಸಿರು ಹಿಡಿದು ಅವನು ನೆಟ್ಟಗೆ ನಿಂತ. ತಲೆಗೂದಲನ್ನು ಸರಿ ಮಾಡಿಕೊಂಡ.

‘ಯಾರು?’ ಎಂದು ಪಿಸುದನಿಯಲ್ಲಿ ಕೇಳಿದ.

ಆ ಕಡೆ ಯಾರೋ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುವಷ್ಟು ಹೊತ್ತು ಸದ್ದಿರಲಿಲ್ಲ.

‘ಯಾರೂ ಇಲ್ಲ’ ಎಂದಿತು ದನಿ. ಬಾಗಿಲು ಮುಚ್ಚಿ ಚಿಲಕ ಹಾಕಿದ ಸದ್ದು ಕೇಳಿತು.