ಹೊಸ ದರದ ಬೋರ್ಡು

"ಇದೇನೋ ಇದು, ಸನ್ಯಾಸಿ ಆಗ್ಬಿಟ್ಯಾ?"

ಕ್ಷೌರಿಕ ಕೇಳಿದ್ದಕ್ಕೆ ಸೈಕಲ್ ರಿಪೇರಿಯವನು ನರೆತ ಗಡ್ಡ ಸವರಿಕೊಂಡು, "ಈಗ ಇದೇ ಫ್ಯಾಶನ್ ಕಣೋ," ಎಂದವನೇ ಸಂತೆಯ ಗದ್ದಲದಲ್ಲಿ ಮರೆಯಾದ.

ಕ್ಷೌರಿಕನಿಗೆ ನಗು ಬರಲಿಲ್ಲ. ಭಾನುವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಗೆಳೆಯ ಅವನು. ಕುರ್ಚಿಗೆ ಒರಗಿದನೆಂದರೆ ಊರಿನ ಸುದ್ದಿಯೆಲ್ಲ ಅವನ ಬಾಯಲ್ಲಿ. ಕೆನ್ನೆಗೆ ನೊರೆ ಹಚ್ಚಿದರೂ ಮಾತು ನಿಲ್ಲುತ್ತಿರಲಿಲ್ಲ. ಕಾಯುತ್ತಿದ್ದವರಿಗೂ ಆಗ ಅವಸರವಿರಲಿಲ್ಲ.

ಆಮೇಲೆ ಸರ್ಕಾರ ಹೊಳೆಗೆ ದೊಡ್ಡ ಸೇತುವೆ ಕಟ್ಟಲು ಶುರುಮಾಡಿತು. ದುಡ್ಡು ನೀರಿನಂತೆ ಹರಿದುಬಂತು. ಹೊರಗಿನಿಂದ ಬಂದ ಇಂಜಿನಿಯರುಗಳು, ಲಾರಿಯವರು ಕೇಳಿದಷ್ಟು ಕೊಟ್ಟು ಕೋಣೆ ಹಿಡಿದರು. ಬಾಡಿಗೆ ಏರಿತು, ಹಾಲು ಏರಿತು, ತರಕಾರಿ ಏರಿತು. ಅಂಗಡಿಯ ಮಾಲೀಕ ಮತ್ತೆ ಮತ್ತೆ ಬಂದು ಹೋದ ಮೇಲೆ ಕ್ಷೌರಿಕನೂ ಹೊಸ ದರದ ಬೋರ್ಡು ತೂಗುಹಾಕಿದ. ಸೇತುವೆಯವರು ಅದನ್ನು ಓದದೆಯೇ ಕುರ್ಚಿ ಹತ್ತುತ್ತಿದ್ದರು. ಓದಿದವನು ಗೆಳೆಯನೊಬ್ಬನೇ. ಅವನ ಗಿರಾಕಿಗಳೋ ಶಾಲೆಯ ಮಕ್ಕಳು, ಪೇಪರ್ ಹಾಕುವವರು; ಅವರ ಹತ್ತಿರ ಹೆಚ್ಚು ಕೇಳಲು ಅವನಿಗೆ ಬಾಯಿಯೇ ಬಂದಿರಲಿಲ್ಲ.

"ನಿಮ್ಮ ಸ್ನೇಹಿತರಿಗೆ ದುಡ್ಡು ಬೇಡ ಅನ್ನಬಾರದಾ?" ಎಂದಳು ಕ್ಷೌರಿಕನ ಹೆಂಡತಿ, ಸಂತೆಯ ದಿನ ರಾತ್ರಿ ಊಟಕ್ಕೆ ಬಡಿಸುತ್ತ.

"ಅಂದೆ ಕಣೇ. ಅವತ್ತಿಂದ್ಲೇ ಅವನು ಈ ಕಡೆ ತಲೆ ಹಾಕಿಲ್ಲ."

ಮರುದಿನ ಬೆಳಿಗ್ಗೆ ಕ್ಷೌರಿಕ ಗಾಳಿ ಹೋದ ಚಕ್ರದ ಸೈಕಲ್ಲನ್ನು ತಳ್ಳಿಕೊಂಡು ಗೆಳೆಯನ ಅಂಗಡಿಗೆ ಹೋದ. ಗೆಳೆಯ ಟ್ಯೂಬು ಬಿಚ್ಚಿ, ಗಾಳಿ ಹೊಡೆದು, ನೀರಿನ ಬಾಣಲೆಯಲ್ಲಿ ಮುಳುಗಿಸಿ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ.

"ತೂತೇ ಇಲ್ವಲ್ಲೋ. ಗಾಳಿ ನೀನೇ ಬಿಟ್ಟಿದ್ದೀಯ."

"ಹೂಂ, ಬಿಟ್ಟೆ. ಎಷ್ಟಾಯ್ತು ಹೇಳು."

"ನಿನ್ನ ಹತ್ರ ನಾನು ದುಡ್ಡು ತಗೊಳ್ಳೋದಾ?"

"ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ," ಎಂದು ಕ್ಷೌರಿಕ ಚೀಲದಿಂದ ಬ್ರಷ್ಷು, ಕತ್ತಿ ತೆಗೆದ.

ಗೆಳೆಯ ಅವನನ್ನೇ ನೋಡಿದ. ಆಮೇಲೆ ಕೈಯ ಗ್ರೀಸು ಒರೆಸಿಕೊಂಡು, ಮರದ ಪೆಟ್ಟಿಗೆ ಬೋರಲು ಹಾಕಿ ಕೂತು ಗಲ್ಲ ಎತ್ತಿದ. ನೊರೆ ಕಿವಿಯವರೆಗೆ ಏರುವಷ್ಟರಲ್ಲಿ ಅವನ ಮಾತು ಶುರುವಾಗಿತ್ತು: ಅಂಚೆಯವನ ಮಗಳ ಮದುವೆ, ಮೇಷ್ಟರ ಮಂಡಿನೋವು.

ಕಲ್ಲು ತುಂಬಿದ ಲಾರಿಯೊಂದು ಹೊಳೆಯ ಕಡೆ ಹೊರಟಿತ್ತು. ನೆಲ ಅದುರಿತು. ಕ್ಷೌರಿಕ ಕತ್ತಿಯನ್ನು ಗೆಳೆಯನ ಕೆನ್ನೆಯಿಂದ ಮೇಲೆತ್ತಿ ಹಿಡಿದು, ಅದುರು ನಿಲ್ಲುವವರೆಗೆ ಹಾಗೇ ನಿಂತ.